ಬಿಸಿಯಲ್ಲಿ ಹೆಪ್ಪುಗಟ್ಟುವ ಔಷಧ

ತುಪ್ಪವು ಬಿಸಿಯಲ್ಲಿ ಕರಗಿ ಚಳಿಯಲ್ಲಿ ಹೆಪ್ಪುಗಟ್ಟುವುದು ಸರ್ವವಿದಿತ. ಕೆಲವು ಪಾಲಿಮರುಗಳ ಸ್ವಭಾವವು ಇದಕ್ಕೆ ತದ್ವಿರುದ್ಧವಾದುದು. ತಣ್ಣನೆಯ ನೀರಿನಲ್ಲಿ ಕರಗಿರುವ ಅವುಗಳ ಅಣುಸರಪಳಿಗಳು, ಉಷ್ಣತೆ ಏರಿದಂತೆ ನೀರಿನ ನಂಟನ್ನು ಸಡಿಲಿಸಿ ತಮ್ಮತಮ್ಮೊಳಗೇ ಕೂಡಿಕೊಳ್ಳುತ್ತವೆ. ದ್ರವವು ಜೆಲ್ ಆಗುತ್ತದೆ.

ಮೂತ್ರಪಿಂಡದ ಒಳಕುಳಿಯ ಪದರದಲ್ಲಿ ಹುಟ್ಟುವ ಕ್ಯಾನ್ಸರಿಗೆ ನೀರಿನಂತಹ ಔಷಧವನ್ನು ಅಲ್ಲಿಗೇ ಬಿಟ್ಟರೆ ಮೂತ್ರದ ಹರಿವು ಅದನ್ನು ಬೇಗನೆ ತೊಳೆದೊಯ್ಯುತ್ತದೆ. ಆದುದರಿಂದ, ರೋಗವು ಅಷ್ಟೇನೂ ಉಗ್ರವಲ್ಲದಿದ್ದರೂ, ಮೂತ್ರಪಿಂಡವನ್ನೇ ತೆಗೆದುಹಾಕಬೇಕಾದ ಪ್ರಸಂಗಗಳುಂಟು. ಅಂತಹ ಸೌಮ್ಯ ಬಗೆಯ ಕ್ಯಾನ್ಸರಿಗೆಂದು 2020ರಲ್ಲಿ ಅಮೆರಿಕೆಯಲ್ಲಿ ಸಮ್ಮತಿ ಪಡೆದ ಔಷಧವೊಂದರಲ್ಲಿ ಮೈಟೊಮೈಸಿನ್ ಎಂಬ ಹಳೆಯ ಮದ್ದನ್ನೇ ಈ ಜೆಲ್‌ನೊಡನೆ ಬೆರೆಸಲಾಗಿದೆ. ಮದ್ದು ಹೊಸದಲ್ಲ, ಅದನ್ನು ನಿಲ್ಲಿಸುವ ಉಪಾಯ ಹೊಸದು. ತಂಪಾಗಿರುವಾಗಲೇ ನಳಿಕೆಯ ಮೂಲಕ ಒಳಸೇರಿಸಿದ ದ್ರವವು ದೇಹದ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಟ್ಟಿಯಾಗಿ, 4ರಿಂದ 6 ಗಂಟೆಗಳ ಕಾಲ ಮದ್ದನ್ನು ಮೆಲ್ಲನೆ ಬಿಡುತ್ತ, ಕ್ರಮೇಣ ಮೂತ್ರದಲ್ಲಿಯೇ ಕರಗಿ ಹೊರಹೋಗುತ್ತದೆ.