ಹಕ್ಕು ವಿಮೆ: ಆಳಂದ, ಅಫಜಲಪುರ, ಜೇವರ್ಗಿ ವರ್ತಕರಿಗೆ ಒಂದು ಪಾಠ

ದಾಲ್ ಮಿಲ್ಲು, ಜಿನ್ನಿಂಗ್ ಘಟಕ ಅಥವಾ ಗೋದಾಮು ಸ್ಥಾಪಿಸುವ ಉದ್ಯಮಿಯು ಯಂತ್ರದ ಖಾತರಿ ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾನೆ, ದಾಸ್ತಾನಿಗೆ ಅಗ್ನಿ ವಿಮೆ ಮಾಡಿಸುತ್ತಾನೆ. ಆದರೆ ಇವೆಲ್ಲವೂ ನಿಂತಿರುವ ನೆಲ ಕಾನೂನಿನ ಪ್ರಕಾರ ತನ್ನದೇ ಎಂಬುದಕ್ಕೆ ಯಾವ ಖಾತರಿಯಿದೆ ಎಂದು ಕೇಳುವವರು ವಿರಳ. ಈ ಪ್ರಶ್ನೆಯಿಂದಲೇ ಹುಟ್ಟಿದ ವ್ಯವಹಾರ ಹಕ್ಕು ವಿಮೆ, ಅಂದರೆ ಟೈಟಲ್ ಇನ್ಶೂರೆನ್ಸ್.

ಹುಟ್ಟಿದ ಬಗೆ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1868ರಲ್ಲಿ ‘ವಾಟ್ಸನ್ ವಿರುದ್ಧ ಮ್ಯೂರ್‌ಹೆಡ್’ ಎಂಬ ಮೊಕದ್ದಮೆ ತೀರ್ಮಾನವಾಯಿತು. ವಕೀಲರ ಅಭಿಪ್ರಾಯ ನಂಬಿ ದಸ್ತಾವೇಜು ಪರಿಶೀಲಕನೊಬ್ಬನು ಆಸ್ತಿಯ ಮೇಲೆ ಋಣಭಾರವಿಲ್ಲ ಎಂದಿದ್ದನು. ಖರೀದಿದಾರನಿಗೆ ನಷ್ಟವಾಯಿತು. ಪ್ರಾಮಾಣಿಕವಾಗಿ ಅಭಿಪ್ರಾಯ ಪಡೆದು ನಡೆದುಕೊಂಡ ಪರಿಶೀಲಕನು ಹೊಣೆಗಾರನಲ್ಲ ಎಂದು ನ್ಯಾಯಾಲಯ ಹೇಳಿತು. ಹಾಗಾದರೆ ನಷ್ಟ ಭರಿಸುವವರು ಯಾರು? ಇದಕ್ಕೆ ಉತ್ತರವಾಗಿ 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ಹಕ್ಕು ವಿಮಾ ಕಂಪನಿ ಆರಂಭವಾಯಿತು. 1907ರಲ್ಲಿ ಈ ವೃತ್ತಿಯವರು ಶಿಕಾಗೋದಲ್ಲಿ ಸೇರಿ ರಾಷ್ಟ್ರೀಯ ಸಂಘ ಕಟ್ಟಿದರು. ಆ ದೇಶದಲ್ಲಿ ಈ ವೃತ್ತಿಯ ರಾಷ್ಟ್ರೀಯ ಹಾಗೂ ಪ್ರಾದೇಶಿಕ ಸಮ್ಮೇಳನಗಳು ನಡೆಯುತ್ತವೆ. ಹಗಲು ವಿಚಾರಗೋಷ್ಠಿ, ಸಂಜೆ ಔತಣಕೂಟ. ದಾಖಲೆ ಶೋಧಿಸುವವರು, ವಕೀಲರು, ಸಾಲ ನೀಡುವವರು, ವಿಮೆಗಾರರು ಪರಸ್ಪರ ಪರಿಚಿತರಾಗುತ್ತಾರೆ. ಒಬ್ಬನ ಶೋಧನೆಯನ್ನು ಮತ್ತೊಬ್ಬನು ನಂಬಬೇಕಾದ ವೃತ್ತಿಯಲ್ಲಿ ಈ ಪರಿಚಯವೂ ಬಂಡವಾಳವೇ.

ಹಿಂದಿನ ದೋಷಕ್ಕೆ ವಿಮೆ

ಬೆಂಕಿ, ಅಪಘಾತಗಳ ವಿಮೆ ಮುಂದೆ ಸಂಭವಿಸಬಹುದಾದ ಹಾನಿಗೆ ಸಂಬಂಧಿಸಿದ್ದು. ಹಕ್ಕು ವಿಮೆ ಮುಖ್ಯವಾಗಿ ಈಗಾಗಲೇ ನಡೆದುಹೋಗಿದ್ದು ಕಣ್ಣಿಗೆ ಬೀಳದ ದೋಷಕ್ಕೆ ಸಂಬಂಧಿಸಿದ್ದು: ನಕಲಿ ಸಹಿ, ಬಿಟ್ಟುಹೋದ ವಾರಸುದಾರ, ತೀರದ ಸಾಲ. ಸಾಮಾನ್ಯವಾಗಿ ಪ್ರೀಮಿಯಂ ಕಟ್ಟುವುದು ಒಂದೇ ಬಾರಿ, ಮತ್ತು ಅದರ ಬಹುಭಾಗ ಪರಿಹಾರಕ್ಕಲ್ಲ, ಮೊದಲೇ ನಡೆಸುವ ಶೋಧನೆಗೆ ಹಾಗೂ ವಿತರಣೆಗೆ ವೆಚ್ಚವಾಗುತ್ತದೆ. ಅಂದರೆ ಶೋಧನೆಯೇ ಈ ವಿಮೆಯ ತಿರುಳು. ಪಾಲಿಸಿ ಅದರ ಮೇಲಿನ ಮುದ್ರೆ ಮಾತ್ರ.

ಭಾರತದಲ್ಲಿ 2016ರ ರಿಯಲ್ ಎಸ್ಟೇಟ್ ಕಾಯ್ದೆಯ 16ನೇ ಕಲಮು, ರಾಜ್ಯ ಸರ್ಕಾರ ಅಧಿಸೂಚಿಸಿದಂತೆ, ಯೋಜನೆಯ ನಿರ್ಮಾಪಕರು ಹಕ್ಕು ವಿಮೆ ಮಾಡಿಸಬೇಕೆಂದು ಹೇಳುತ್ತದೆ. ಕೆಲವು ಸಾಮಾನ್ಯ ವಿಮಾ ಕಂಪನಿಗಳು ಇಂಥ ಪಾಲಿಸಿ ನೀಡುತ್ತಿದ್ದರೂ ತಾಲ್ಲೂಕು ಮಟ್ಟದ ಸಣ್ಣ ಉದ್ಯಮಿಗೆ ಅದು ಇನ್ನೂ ದೂರದ ಮಾತು. ಆದರೆ ಪಾಲಿಸಿ ಇಲ್ಲದಿದ್ದರೂ ಶೋಧನೆ ಮಾಡಿಸಲು ಯಾವ ಅಡ್ಡಿಯೂ ಇಲ್ಲ.

ನೋಂದಣಿ ಖಾತರಿಯಲ್ಲ

1858ರಲ್ಲಿ ದಕ್ಷಿಣ ಆಸ್ಟ್ರೇಲಿಯದಲ್ಲಿ ಜಾರಿಗೆ ಬಂದ ಟಾರೆನ್ಸ್ ಪದ್ಧತಿಯಲ್ಲಿ ಹಕ್ಕಿಗೆ ಸರ್ಕಾರವೇ ಹೊಣೆ. ನಮ್ಮಲ್ಲಿ ಹಾಗಿಲ್ಲ. 1908ರ ನೋಂದಣಿ ಕಾಯ್ದೆಯಡಿ ನೋಂದಣಿಯಾಗುವುದು ದಸ್ತಾವೇಜು ಮಾತ್ರ. ಮಾರುವವನಿಗೆ ಹಕ್ಕಿತ್ತೇ ಎಂಬುದಕ್ಕೆ ಉಪ ನೋಂದಣಾಧಿಕಾರಿ ಜಾಮೀನು ಕೊಡುವುದಿಲ್ಲ. ಪಹಣಿಯೂ ಕಂದಾಯದ ದಾಖಲೆಯೇ ಹೊರತು ಅದರಿಂದಲೇ ಮಾಲೀಕತ್ವ ಹುಟ್ಟದು. ಸಾಮಾನ್ಯ ಅಧಿಕಾರ ಪತ್ರದ ಮೂಲಕ ನಡೆದ ‘ಮಾರಾಟ’ದಿಂದ ಹಕ್ಕು ವರ್ಗವಾಗದೆಂದು ಸರ್ವೋಚ್ಚ ನ್ಯಾಯಾಲಯ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಈ ಮೂರು ತಾಲ್ಲೂಕುಗಳ ವಿಶೇಷವೂ ಒಂದುಂಟು. 1948ರವರೆಗೆ ಇವು ನಿಜಾಮರ ಆಡಳಿತದಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಆದ್ದರಿಂದ ಹಳೆಯ ಹಕ್ಕಿನ ಮೂಲ ಉರ್ದು ಕಾಗದಗಳಲ್ಲಿರಬಹುದು. ಅದು ಇನಾಮು ಅಥವಾ ಗೇಣಿಯ ಜಮೀನಾಗಿರಬಹುದು. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ ಪಹಣಿಯನ್ನು ಗಣಕಕ್ಕೆ ತಂದಿತು. ಅದಕ್ಕೂ ಹಿಂದಿನ ದೋಷವನ್ನು ಅದು ಅಳಿಸಲಿಲ್ಲ.

ಒಂದು ಉದಾಹರಣೆ

ಆಳಂದ ತಾಲ್ಲೂಕಿನಲ್ಲಿ ಒಬ್ಬ ವರ್ತಕ ಮಿಲ್ಲಿಗಾಗಿ 2 ಎಕರೆ ಕೊಳ್ಳುತ್ತಾನೆಂದು ಭಾವಿಸೋಣ. ತಂದೆಯ ಮರಣಾನಂತರ ಪಿತ್ರಾರ್ಜಿತ ಜಮೀನಿನ ಪಹಣಿ ಇಬ್ಬರು ಗಂಡುಮಕ್ಕಳ ಹೆಸರಿಗಾಗಿದೆ. ಋಣಭಾರ ಪತ್ರದಲ್ಲಿ ಏನೂ ಇಲ್ಲ. ಇಬ್ಬರೂ ಸಹಿ ಹಾಕುತ್ತಾರೆ. ಮಿಲ್ಲು ನಿಂತ ಮೇಲೆ ಅಕ್ಕಲಕೋಟೆಗೆ ಮದುವೆಯಾಗಿ ಹೋದ ಸಹೋದರಿ ತನ್ನ ಪಾಲು ಕೇಳಿ ದಾವೆ ಹೂಡುತ್ತಾಳೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮತ್ತು ಅದನ್ನು ವಿವರಿಸಿದ 2020ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಆಕೆಯ ಬೆನ್ನಿಗಿವೆ. ಇಲ್ಲಿ ಯಾರೂ ನಕಲಿ ಸಹಿ ಮಾಡಿಲ್ಲ, ಯಾವ ದಾಖಲೆಯೂ ಸುಳ್ಳಲ್ಲ. ವಂಶವೃಕ್ಷವನ್ನು ಯಾರೂ ಕೇಳಲಿಲ್ಲ, ಅಷ್ಟೆ.

ಖರೀದಿಗೆ ಮುನ್ನ

1. ಕನಿಷ್ಠ 30 ವರ್ಷಗಳ ಋಣಭಾರ ಪತ್ರ ಹಾಗೂ ಹಿಂದಿನ ಎಲ್ಲ ಕ್ರಯಪತ್ರಗಳ ಸರಪಳಿ. ನೋಂದಣಿಯಾಗದ ವಿಭಾಗ, ವಾರಸು, ಮೂಲಪತ್ರ ಠೇವಣಿಯಿಟ್ಟು ಪಡೆದ ಸಾಲ ಇದರಲ್ಲಿ ಕಾಣದಿರಬಹುದು. ಬ್ಯಾಂಕಿನ ಸಾಲಕ್ಕಾಗಿ 2011ರಿಂದಿರುವ ಸೆರ್ಸಾಯ್ ಕೇಂದ್ರ ನೋಂದಣಿಯನ್ನೂ ನೋಡಬೇಕು.

2. ಹಳೆಯ ಪಹಣಿ ಹಾಗೂ ಮ್ಯುಟೇಶನ್ ನಕಲುಗಳು, ವಂಶವೃಕ್ಷ, ಹೆಣ್ಣುಮಕ್ಕಳೂ ಸೇರಿದಂತೆ ಎಲ್ಲ ಹಕ್ಕುದಾರರ ಸಹಿ.

3. ಸರ್ವೆ ನಂಬರಿನ ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ.

4. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನೇ ಎಂಬ ಪರಿಶೀಲನೆ. 1978ರ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯಿಂದ ಮರುಸ್ವಾಧೀನದ ಅರ್ಜಿಗೆ ಕಾಲಮಿತಿಯಿಲ್ಲ.

5. ಭೂಸ್ವಾಧೀನದ ವಿವರ. ಆಳಂದದಲ್ಲಿ ಅಮರ್ಜಾ ಜಲಾಶಯ, ಅಫಜಲಪುರದಲ್ಲಿ ಭೀಮಾ ನದಿಯ ಸೊನ್ನ ಬ್ಯಾರೇಜು, ಜೇವರ್ಗಿಯಲ್ಲಿ ಕೃಷ್ಣಾ ಯೋಜನೆಯ ಕಾಲುವೆಗಳ ಆಸುಪಾಸಿನ ಜಮೀನಿಗೆ ಇದು ಮುಖ್ಯ.

6. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ರದ್ದಾದ್ದರಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಉದ್ಯಮಕ್ಕೆ ಬಳಸಲು ಎನ್.ಎ. ಪರಿವರ್ತನೆ ಬೇಕೇ, ಆಗಿದೆಯೇ ಎಂಬುದು ಬೇರೆ ಪ್ರಶ್ನೆ. ಅದನ್ನು ಕಂದಾಯ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬೇಕು.

7. ಸಿವಿಲ್ ನ್ಯಾಯಾಲಯದಲ್ಲಿ ದಾವೆ ಇದೆಯೇ ಎಂಬ ವಿಚಾರಣೆ. ದಾವೆಯ ನಡುವೆ ಕೊಂಡವನು ತೀರ್ಪಿಗೆ ಬದ್ಧನು.

ಸೇರುವುದರ ಪ್ರಯೋಜನ

ಹಕ್ಕು ವಿಮಾ ಸಮ್ಮೇಳನದಲ್ಲಿ ಒಂದೇ ಸೂರಿನಡಿ ಸೇರುವ ಜನ ನಮ್ಮಲ್ಲೂ ಇದ್ದಾರೆ: ಪತ್ರ ಬರಹಗಾರರು, ವಕೀಲರು, ಭೂಮಾಪಕರು, ಬ್ಯಾಂಕಿನವರು, ಕಂದಾಯ ಸಿಬ್ಬಂದಿ. ಪ್ರತಿಯೊಬ್ಬರಿಗೂ ಹಕ್ಕಿನ ಒಂದೊಂದು ತುಣುಕು ಮಾತ್ರ ಗೊತ್ತು. ವರ್ಷಕ್ಕೊಮ್ಮೆ ಇವರನ್ನು ವರ್ತಕರೊಡನೆ ಅರ್ಧ ದಿನ ಕೂಡಿಸಿ, ಒಂದು ಮಾದರಿ ಕಡತವನ್ನು ಎಲ್ಲರೆದುರು ಪರಿಶೀಲಿಸಿ, ಬಳಿಕ ಸಹಭೋಜನ ಏರ್ಪಡಿಸುವುದು ತಾಲ್ಲೂಕು ವರ್ತಕರ ಸಂಘಗಳಿಗೆ ದೊಡ್ಡ ವೆಚ್ಚದ ಕೆಲಸವಲ್ಲ.

ಪಾಲಿಸಿಯಿದ್ದರೂ ವಿಮಾ ಕಂಪನಿ ಕೊಡುವುದು ಷರತ್ತಿಗೊಳಪಟ್ಟ ಹಣವನ್ನು; ಕಳೆದುಹೋದ ನೆಲವನ್ನಲ್ಲ. ಪಾಲಿಸಿ ಕೊಡುವ ಮೊದಲು ಅದು ಕೇಳುವ ಪ್ರಶ್ನೆಗಳು ಮೇಲಿನವೇ. ಅವನ್ನು ಮುಂಗಡ ಹಣ ಕೈಬಿಡುವ ಮುನ್ನವೇ ವರ್ತಕನು ಕೇಳುವುದು ಲೇಸು.