ಬೀದಿಯಂಚಿನ ಲೆಕ್ಕ

ಅಮೆರಿಕದ ಬಾಸ್ಟನ್ ನಗರದಲ್ಲಿ ಬೀಕನ್ ಹಿಲ್ ಎಂಬ ಹಳೆಯ ಬಡಾವಣೆಯೊಂದಿದೆ. ಮೋಟಾರು ಕಾರು ಹುಟ್ಟುವುದಕ್ಕೆ ಬಹು ಮೊದಲೇ ಕಟ್ಟಿದ ಇಟ್ಟಿಗೆಯ ಮನೆಗಳು, ಇಕ್ಕಟ್ಟಾದ ಬೀದಿಗಳು. ಇಲ್ಲಿ ಬಹು ಮಂದಿ ನಿವಾಸಿಗಳು ತಮ್ಮ ಕಾರನ್ನು ಬೀದಿಯ ಅಂಚಿನಲ್ಲಿಯೇ ನಿಲ್ಲಿಸಬೇಕು. ಅದಕ್ಕೆ ನಗರಾಡಳಿತ ಪರವಾನಗಿ ಕೊಡುತ್ತದೆ. ನಗರಗಳಲ್ಲಿ ಕಾರು ನಿಲ್ಲಿಸುವ ಸಮಸ್ಯೆಯನ್ನೇ ಜೀವಮಾನವೆಲ್ಲ ಅಭ್ಯಸಿಸಿದ ಅರ್ಥಶಾಸ್ತ್ರಜ್ಞ ಡೊನಾಲ್ಡ್ ಷೂಪ್ ಅವರು ಕೊಟ್ಟಿರುವ ಅಂಕಿಗಳಂತೆ, ಅಲ್ಲಿದ್ದ ಜಾಗಗಳು 983. ಹಂಚಿದ ಪರವಾನಗಿಗಳು 3,933. ಒಂದು ಜಾಗಕ್ಕೆ ನಾಲ್ವರು ಹಕ್ಕುದಾರರು! ಪರವಾನಗಿ ಎಂಬುದು ಜಾಗವಲ್ಲ, ಜಾಗವನ್ನು ಹುಡುಕುವ ಅನುಮತಿ ಮಾತ್ರ ಎಂಬುದು ಇದರಿಂದ ಸ್ಪಷ್ಟ.

ಇಂತಹ ಪರವಾನಗಿ ಏಕೆ ಬಂದಿತು? ವರ್ಜಿನಿಯ ಸಂಸ್ಥಾನದ ಆರ್ಲಿಂಗ್ಟನ್ ಕೌಂಟಿಯ ಕಥೆ ಕೇಳಿ. ಕಚೇರಿಗಳ ಪ್ರದೇಶಕ್ಕೆ ಕೆಲಸಕ್ಕೆಂದು ಬರುವವರು ಪಕ್ಕದ ವಸತಿ ಬೀದಿಗಳಲ್ಲಿ ಹಗಲೆಲ್ಲ ಕಾರು ನಿಲ್ಲಿಸಿ ಹೋಗುತ್ತಿದ್ದರು. ವಾರದ ಕೆಲಸದ ದಿನಗಳ ಹಗಲಿನಲ್ಲಿ ಪರವಾನಗಿ ಇಲ್ಲದವರು ಅಲ್ಲಿ ನಿಲ್ಲಿಸಕೂಡದೆಂದು ಕೌಂಟಿ ನಿಯಮ ಮಾಡಿತು. ಹೊರಗಿನವರು ಇದು ಪಕ್ಷಪಾತವೆಂದು ನ್ಯಾಯಾಲಯಕ್ಕೆ ಹೋದರು. 1977ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು. ನ್ಯಾಯದ ವಾದವನ್ನು ವಕೀಲರಿಗೆ ಬಿಟ್ಟು, ನಾವು ಲೆಕ್ಕದತ್ತ ತಿರುಗೋಣ.

ಉದ್ದನೆಯ ಬೀದಿಯೊಂದರಲ್ಲಿ ನೂರಕ್ಕೆ 85 ಜಾಗಗಳು ತುಂಬಿವೆ, ಖಾಲಿ ಜಾಗಗಳು ಅಲ್ಲಲ್ಲಿ ಗೊತ್ತುಗುರಿಯಿಲ್ಲದೆ ಹರಡಿವೆ ಎಂದಿಟ್ಟುಕೊಳ್ಳೋಣ. ದಾಳವನ್ನು ಎಸೆಯುವಾಗ ಆರು ಬೀಳಲು ಸರಾಸರಿ ಆರು ಎಸೆತ ಬೇಕಾಗುವಂತೆ, ಇಲ್ಲಿ ಖಾಲಿ ಜಾಗ ಸಿಗಲು ಸರಾಸರಿ 100/15, ಎಂದರೆ ಸುಮಾರು ಏಳು ಜಾಗಗಳನ್ನು ನೋಡಬೇಕು. ಜಾಗವೊಂದಕ್ಕೆ 6 ಮೀಟರಿನಂತೆ ಇದು 40 ಮೀಟರು, ಕಷ್ಟವೇನಲ್ಲ. ನೂರಕ್ಕೆ 95 ತುಂಬಿದರೆ 20 ಜಾಗ, 120 ಮೀಟರು. 99 ತುಂಬಿದರೆ 100 ಜಾಗ, 600 ಮೀಟರು! ನೂರು ಜಾಗಗಳಿಗೆ ಕೇವಲ ನಾಲ್ಕು ಕಾರುಗಳು ಹೆಚ್ಚಿದವು, ಅಲೆದಾಟ ಐದರಷ್ಟಾಯಿತು. ಅನಿಲಗಳ ಚಲನವಾದದಲ್ಲಿ ಅಣುವಿನ ಸರಾಸರಿ ಮುಕ್ತಪಥವನ್ನು ಓದಿರುವ ವಿದ್ಯಾರ್ಥಿಗಳಿಗೆ ಈ ವಿಚಾರಸರಣಿ ಪರಿಚಿತವೇ. ಅಣುವಿನ ಪಥ ಡಿಕ್ಕಿಯಲ್ಲಿ ಮುಗಿಯುತ್ತದೆ. ನಮ್ಮ ಚಾಲಕನದು ಖಾಲಿ ಜಾಗದಲ್ಲಿ. ಷೂಪ್ ಅವರು ಬೀದಿಯಂಚು ನೂರಕ್ಕೆ 85ಕ್ಕಿಂತ ಹೆಚ್ಚು ತುಂಬದಿರಲೆಂದು ಸೂಚಿಸಿದ್ದು ಈ ಲೆಕ್ಕದೊಡನೆ ಚೆನ್ನಾಗಿ ಹೊಂದುತ್ತದೆ.

ಆದರೆ ಪೂರ್ತಿ ತುಂಬಿದ ಬೀದಿಯಲ್ಲಿ ಈ ಸೂತ್ರ ಸಾಲದು. ಆಗ ಮುಖ್ಯವಾಗುವುದು ಕಾರುಗಳು ಹೊರಡುವ ದರ. ಅಂಗಡಿ ಬೀದಿಯಲ್ಲಿ 60 ಕಾರುಗಳು ಸರಾಸರಿ ಒಂದೊಂದು ಗಂಟೆ ನಿಂತರೆ, ನಿಮಿಷಕ್ಕೊಂದು ಕಾರು ಹೊರಡುತ್ತದೆ; ಕಾದವನಿಗೆ ಜಾಗ ಸಿಕ್ಕೀತು. ವಸತಿ ಬೀದಿಯಲ್ಲಿ ರಾತ್ರಿ ಹತ್ತಕ್ಕೆ ಹೊರಡುವವರಾರು? ಬೆಳಗಿನವರೆಗೆ ದರ ಹೆಚ್ಚುಕಡಿಮೆ ಸೊನ್ನೆ. ತಡವಾಗಿ ಮನೆಗೆ ಮರಳಿದವನು ಎಷ್ಟು ಸುತ್ತು ಹಾಕಿದರೂ ಪೆಟ್ರೋಲು ಕರಗುವುದೇ ಹೊರತು ಜಾಗ ಹುಟ್ಟುವುದಿಲ್ಲ. ಆರ್ಲಿಂಗ್ಟನ್ನಿನ ನಿಯಮ ಹಗಲಿನ ಹೊರಗಿನವರನ್ನು ತಡೆಯಿತು. ಬೀಕನ್ ಹಿಲ್‌ನಲ್ಲಿಯೋ ಸ್ಪರ್ಧೆ ನೆರೆಯವರ ನಡುವೆಯೇ. ಅಲ್ಲಿ ಪರವಾನಗಿ ಏನು ಮಾಡಬಲ್ಲದು?

ಗೆರೆ ಎಳೆಯದ ಬೀದಿಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹಂಗೇರಿಯ ಗಣಿತಜ್ಞ ಆಲ್ಫ್ರೆಡ್ ರೆನ್ಯಿ 1958ರಲ್ಲಿ ಈ ಪ್ರಶ್ನೆಯನ್ನು ಬಿಡಿಸಿದನು: ಒಂದೇ ಉದ್ದದ ಕಾರುಗಳು ಒಂದಾದ ಮೇಲೊಂದು ಬಂದು, ಮನಬಂದ ಕಡೆ ನಿಂತು, ಕೊನೆಗೆ ಮತ್ತೊಂದು ಹಿಡಿಸುವಷ್ಟು ತೆರವು ಎಲ್ಲಿಯೂ ಉಳಿಯದಿದ್ದರೆ, ಬೀದಿಯ ಎಷ್ಟು ಪಾಲು ತುಂಬಿರುತ್ತದೆ? ಬಹು ಉದ್ದದ ಬೀದಿಗೆ ಉತ್ತರ 0.7476. ನೂರು ಮೀಟರಿನ ಅಂಚಿನಲ್ಲಿ ನಾಲ್ಕು ಮೀಟರಿನ ಕಾರುಗಳನ್ನು ಒತ್ತಾಗಿ ಜೋಡಿಸಿದರೆ 25 ನಿಲ್ಲುತ್ತವೆ. ಹೀಗೆ ನಿಂತರೆ ಸರಾಸರಿ 18 ಅಥವಾ 19 ಮಾತ್ರ. ಉಳಿದ ನೆಲವೆಲ್ಲ ಯಾರಿಗೂ ಒದಗದ ಸಂದುಗಳಾಗಿ ಹೋಗುತ್ತದೆ. ಜಾಗವಿದೆ, ಜಾಗವಿಲ್ಲ! ನಿಜವಾದ ಚಾಲಕರು ಇಷ್ಟು ಗೊತ್ತುಗುರಿಯಿಲ್ಲದವರಲ್ಲ, ಮುಂದಿನ ಕಾರಿಗೆ ಒತ್ತಿ ನಿಲ್ಲಿಸುವವರೂ ಉಂಟು; ಆದುದರಿಂದ ಈ ಸಂಖ್ಯೆಯನ್ನು ಯಾವ ಬೀದಿಗೂ ಹಾಗೆಯೇ ಅನ್ವಯಿಸಲಾಗದು. ರಸಾಯನಶಾಸ್ತ್ರದಲ್ಲಿ ಇಂತಹದೇ ಪ್ರಶ್ನೆ ಮೊದಲೇ ಎದ್ದಿತ್ತು. ಉದ್ದನೆಯ ಅಣುಸರಪಳಿಯಲ್ಲಿ ನೆರೆಯ ಗುಂಪುಗಳು ಗೊತ್ತುಗುರಿಯಿಲ್ಲದೆ ಎರಡೆರಡಾಗಿ ಕೂಡಿಕೊಂಡರೆ, ನೂರಕ್ಕೆ ಸುಮಾರು 13.5 ಗುಂಪುಗಳು ಜೊತೆಯಿಲ್ಲದೆ ಒಂಟಿಯಾಗಿ ಉಳಿಯುತ್ತವೆಂದು ಪಾಲ್ ಫ್ಲೋರಿ 1939ರಲ್ಲಿಯೇ ತೋರಿಸಿದ್ದನು.

ಜಪಾನು ಸಮಸ್ಯೆಯನ್ನು ಮತ್ತೊಂದು ತುದಿಯಿಂದ ಹಿಡಿಯಿತು. ಅಲ್ಲಿ 1962ರಲ್ಲಿ ಬಂದ ಕಾನೂನಿನಂತೆ, ಕಾರು ಕೊಳ್ಳುವವನು ಅದನ್ನಿಡಲು ಬೀದಿಯ ಹೊರಗೆ ಸ್ಥಳವಿದೆಯೆಂದು ಸಾಮಾನ್ಯವಾಗಿ ಮೊದಲೇ ತೋರಿಸಬೇಕು. ಆ ಸ್ಥಳ ಮನೆಯಿಂದ ಎರಡು ಕಿಲೋಮೀಟರಿನೊಳಗಿರಬೇಕು. ಕಾರುಗಳ ಸಂಖ್ಯೆ ಜಾಗಗಳ ಸಂಖ್ಯೆಯನ್ನು ಮೀರದಂತೆ ತಡೆಯುವುದು ಇಂತಹ ನಿಯಮವೇ. ಆದರೆ ಸ್ಥಳವಿಲ್ಲದವನಿಗೆ ಕಾರೂ ಇಲ್ಲ; ನಾಲ್ವರಿಗೆ ಆಸೆ ತೋರಿಸಿ ಮೂವರನ್ನು ರಾತ್ರಿ ಅಲೆಸುವುದಕ್ಕಿಂತ ಇದು ನೇರವೆಂದು ನಮಗೆ ತೋರುತ್ತದೆ.

ವಾಚಕರು ತಮ್ಮ ಬೀದಿಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಒಂದು ಅಳತೆಪಟ್ಟಿ, ಒಂದು ಪುಸ್ತಕ ಸಾಕು. ರಾತ್ರಿ ಹತ್ತು ಗಂಟೆಗೆ ನಿಂತ ಕಾರುಗಳನ್ನು ಎಣಿಸಿ, ನಡುವಣ ಸಂದುಗಳನ್ನು ಅಳೆದು ಬರೆದುಕೊಳ್ಳಿ. ಒಂದು ಕಾರಿಗೂ ಸಾಲದ ಸಂದುಗಳನ್ನೆಲ್ಲ ಕೂಡಿಸಿದರೆ ಎಷ್ಟು ಕಾರಿನ ಉದ್ದವಾಗುತ್ತದೆಂದು ನೋಡಿ.