ಮೊದಲು ಚೌಕಾಬಾರ ಮಾಡು

ಗೇಮ್ ಎಂಜಿನ್‌ಗಳಲ್ಲಿ ಯೂನಿಟಿ ಕಲಿಯಲೋ, ಅನ್‌ರಿಯಲ್ ಕಲಿಯಲೋ, ಗೊಡೋ ಕಲಿಯಲೋ ಅಂತ ಕೇಳಿದ್ದೀಯ. ಗೇಮ್ ಮಾಡಬೇಕು ಅಂದುಕೊಂಡವರೆಲ್ಲ ಮೊದಲು ಕೇಳುವುದು ಇದನ್ನೇ. ಬಹಳ ಮಂದಿಗೆ ಈ ಚರ್ಚೆಯಲ್ಲೇ ಬೇಸಿಗೆ ರಜೆ ಮುಗಿದುಹೋಗುತ್ತದೆ. ಗೊಡೋ ಇಳಿಸಿಕೋ. ಪುಕ್ಕಟೆ ಸಿಗುತ್ತದೆ, 2014ರಿಂದ ಅದರ ಮೂಲ ಕೋಡ್ ಎಲ್ಲರಿಗೂ ತೆರೆದಿದೆ, ಸಣ್ಣ 2ಡಿ ಆಟಕ್ಕೆ ಮನೆಯ ಸಾಧಾರಣ ಲ್ಯಾಪ್‌ಟಾಪ್ ಸಾಕು. ಆ ಪ್ರಶ್ನೆ ಅಲ್ಲಿಗೆ ಬಿಡು. ಅದರಲ್ಲಿ ಮೊದಲು ಏನು ಮಾಡುತ್ತೀಯ ಅನ್ನುವುದನ್ನು ಮಾತಾಡೋಣ.

ನಿನ್ನ ತಲೆಯಲ್ಲಿ ಏನಿದೆ ಅಂತ ಊಹಿಸಬಲ್ಲೆ. ಇಡೀ ಹಂಪಿ, ಆನೆ, ಕುದುರೆ, ಆನ್‌ಲೈನಿನಲ್ಲಿ ನೂರು ಜನರ ಕಾದಾಟ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಚೌಕಾಬಾರ ಮಾಡು. ನಗಬೇಡ. ಹೊಸಬರು ಎರಡು ಕಡೆ ಸೋಲುತ್ತಾರೆ: ಒಳ್ಳೆಯ ಆಟವನ್ನು ಕಲ್ಪಿಸುವಲ್ಲಿ, ಕಲ್ಪಿಸಿದ್ದನ್ನು ಕೋಡಿಗೆ ಇಳಿಸುವಲ್ಲಿ. ಚೌಕಾಬಾರದ ಕಲ್ಪನೆಯ ಕೆಲಸವನ್ನು ಯಾವುದೋ ಕಾಲದ ಹಿರಿಯರು ಮುಗಿಸಿಟ್ಟಿದ್ದಾರೆ. ನಿಯಮ ನಿನಗೆ ಬಾಯಿಪಾಠ. ಉಳಿದದ್ದು ಕೋಡ್ ಒಂದೇ.

ಒಟ್ಟು 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಹಣ್ಣಾಗುವ ಮನೆ. ಕಾಯಿ ಎಲ್ಲಿದೆ ಅಂತ ಕಂಪ್ಯೂಟರಿಗೆ ಹೇಗೆ ಹೇಳುತ್ತೀಯ? ಅಡ್ಡಸಾಲು, ಕಂಬಸಾಲಿನ ಸಂಖ್ಯೆ ಹಿಡಿದು ಹೊರಟರೆ ಮೂಲೆ ಬಂದಾಗಲೆಲ್ಲ ಇನ್ನೊಂದು ‘ಇಫ್’ ಬರೆದು ಸುಸ್ತಾಗುತ್ತೀಯ. ಕಾಯಿ ನಡೆಯುವ ಕ್ರಮದಲ್ಲೇ ಮನೆಗಳನ್ನು ಒಂದು ಅರೇಯಲ್ಲಿ ಜೋಡಿಸಿಬಿಡು, ಆಗ ನಡೆ ಅಂದರೆ ಬರೀ ಕೂಡುವ ಲೆಕ್ಕ. ಪಕ್ಕದವರ ಹೊರಸುತ್ತು ನಾಲ್ಕು ಮನೆ ಆಚೆಯಿಂದ ಶುರು. ನಾಲ್ಕು ಕೂಡಿಸಿ, 16ರಿಂದ ಭಾಗಿಸಿ, ಶೇಷ ಹಿಡಿದರೆ ಆಯಿತು. ಕಾಲೇಜಿನಲ್ಲಿ ಡೇಟಾ ಸ್ಟ್ರಕ್ಚರ್ ಅಂತ ಹೆದರಿಸುವ ಪಾಠದ ಮೊದಲ ಅಧ್ಯಾಯ ಇಷ್ಟೇ.

ಇನ್ನು ಕವಡೆ. ನಾಲ್ಕು ಕವಡೆ ಹಾಕಿದರೆ ಬೀಳುವುದು 1, 2, 3, 4 ಅಥವಾ 8. ಈ ಐದರಲ್ಲಿ ಒಂದನ್ನು ರ‍್ಯಾಂಡಮ್ ಆಗಿ ಆರಿಸು ಅಂತ ಒಂದು ಸಾಲು ಬರೆದುಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಪ್ರೋಗ್ರಾಮ್ ಎಲ್ಲೂ ಎಡವದೆ ಓಡುತ್ತದೆ, ಆಟ ಮಾತ್ರ ಹದಗೆಡುತ್ತದೆ. ಕವಡೆ ಎರಡು ಮಗ್ಗುಲಿಗೂ ಸಮನಾಗಿ ಬೀಳುತ್ತದೆ ಅಂದುಕೊಂಡರೆ ಒಟ್ಟು 16 ಸಾಧ್ಯತೆಗಳು. ಅವುಗಳಲ್ಲಿ ಎರಡು ಬೀಳುವುದು 6 ಸಲ, ಒಂದು ಮತ್ತು ಮೂರು ತಲಾ 4 ಸಲ, ನಾಲ್ಕು ಮತ್ತು ಎಂಟು ತಲಾ ಒಂದೇ ಸಲ. ಹದಿನಾರಕ್ಕೊಮ್ಮೆ ಬರಬೇಕಾದ ಎಂಟು ನಿನ್ನ ಕೋಡಿನಲ್ಲಿ ಐದಕ್ಕೊಮ್ಮೆ ಬರುತ್ತದೆ. ನಾಲ್ಕೋ ಎಂಟೋ ಬಿದ್ದವರಿಗೆ ಮತ್ತೆ ಕವಡೆ ಹಾಕುವ ಹಕ್ಕು ಬೇರೆ! ಒಬ್ಬರೇ ಆಡುತ್ತ ಕೂತರೆ ಉಳಿದವರು ಎದ್ದು ಹೋಗುತ್ತಾರೆ. ನಾಲ್ಕು ಕವಡೆಯನ್ನೂ ಬೇರೆ ಬೇರೆಯಾಗಿ ಹಾಕಿಸಿ ಕೂಡಿಸು, ಎಲ್ಲವೂ ಕವುಚಿದರೆ ಎಂಟು ಅನ್ನು. ಗೇಮ್ ಕಂಪನಿಗಳಲ್ಲಿ ಬ್ಯಾಲೆನ್ಸಿಂಗ್ ಅಂತ ಸಂಬಳ ಕೊಟ್ಟು ಮಾಡಿಸುವ ಕೆಲಸದ ಬೇರು ಪಿಯುಸಿಯ ಸಂಭವನೀಯತೆಯ ಪಾಠದಲ್ಲಿದೆ. ಆ ಅಧ್ಯಾಯ ಪರೀಕ್ಷೆಗೆ ಎಷ್ಟು ಅಂಕದ್ದು ಅಂತ ಮಾತ್ರ ನೋಡಬೇಡ.

ಚೌಕಾಬಾರದಲ್ಲಿ ಕಲಿಯಲಾಗದ್ದು ಒಂದಿದೆ: ಕಾಲ. ಅದಕ್ಕೆ ಎರಡನೆಯ ಆಟ ಪಾಂಗ್. 1972ರಲ್ಲಿ ಅಟಾರಿಗೆ ಹೊಸದಾಗಿ ಸೇರಿದ್ದ ಅಲನ್ ಆಲ್ಕಾರ್ನ್‌ಗೆ ನೋಲನ್ ಬುಷ್ನೆಲ್ ಕೈ ಪಳಗಲಿ ಅಂತ ಕೊಟ್ಟ ಕೆಲಸವೇ ಆ ಆಟವಾಯಿತು, ಹಾಗಾಗಿ ಅದನ್ನು ಅಭ್ಯಾಸಕ್ಕೆ ಹಿಡಿಯಲು ಸಂಕೋಚ ಬೇಡ. ಚೆಂಡು ಫ್ರೇಮಿಗೆ ಐದು ಪಿಕ್ಸೆಲ್ ಓಡಲಿ ಅಂತ ಬರೆದರೆ, ಸೆಕೆಂಡಿಗೆ 60 ಫ್ರೇಮ್ ತೋರಿಸುವ ನಿನ್ನ ಪರದೆಯಲ್ಲಿ ಸರಿಯಾಗಿ ಕಾಣುತ್ತದೆ, 120 ತೋರಿಸುವ ಗೆಳೆಯನ ಪರದೆಯಲ್ಲಿ ಎರಡು ಪಟ್ಟು ವೇಗವಾಗಿ ಓಡಿಬಿಡುತ್ತದೆ. ವೇಗವನ್ನು ಸೆಕೆಂಡಿನ ಲೆಕ್ಕದಲ್ಲಿ ಬರೆದು, ಹಿಂದಿನ ಫ್ರೇಮಿನಿಂದ ಕಳೆದ ಸಮಯದಿಂದ ಗುಣಿಸಬೇಕು. ಗೊಡೋದಲ್ಲಿ ಆ ಸಮಯದ ಹೆಸರು ಡೆಲ್ಟಾ. 1978ರ ಸ್ಪೇಸ್ ಇನ್‌ವೇಡರ್ಸ್‌ನಲ್ಲಿ ಶತ್ರುಗಳು ಕಡಿಮೆಯಾದಂತೆ ಉಳಿದವರು ಚುರುಕಾಗುತ್ತಿದ್ದದ್ದು, ಬಿಡಿಸಬೇಕಾದ ಚಿತ್ರಗಳು ಕಡಿಮೆಯಾಗಿ ಯಂತ್ರದ ಭಾರ ಇಳಿದದ್ದರಿಂದ. ಟೊಮೊಹಿರೊ ನಿಶಿಕಾಡೊ ಅದನ್ನು ಹಾಗೇ ಉಳಿಸಿಕೊಂಡರು. ನಿನಗೂ ಅಂಥ ಅದೃಷ್ಟ ಒಲಿಯಬಹುದು, ಡೆಲ್ಟಾ ಮಾತ್ರ ಮರೆಯಬೇಡ. ಆಮೇಲೆ ಬೊಂಬೆ ನಡೆಸುವ ಆಟ ಬರೆದಾಗ, ಬಾಣದ ಕೀಲಿ ಎರಡನ್ನು ಒಟ್ಟಿಗೆ ಒತ್ತಿದರೆ ಬೊಂಬೆ 1.41 ಪಟ್ಟು ವೇಗವಾಗಿ ಓರೆಯಾಗಿ ಓಡುವುದನ್ನು ಕಾಣುತ್ತೀಯ. ಅಲ್ಲಿ ಪೈಥಾಗೊರಸ್ ಸಿಗುತ್ತಾನೆ.

ಓದುವುದಕ್ಕೆ ಬೇಕಾದಷ್ಟಿದೆ, ಅದೇ ತೊಂದರೆ. ಗೊಡೋದವರೇ ಬರೆದಿರುವ ಮೊದಲ 2ಡಿ ಆಟದ ಪಾಠವನ್ನು ಮೊದಲು ಮುಗಿಸು. ಹಾರ್ವರ್ಡ್‌ನ ಸಿಎಸ್50 ತಂಡದ ಗೇಮ್ ಕೋರ್ಸ್ ಪಾಂಗ್‌ನಿಂದ ಶುರುವಾಗಿ ಫ್ಲಾಪಿ ಬರ್ಡ್, ಬ್ರೇಕೌಟ್, ಮಾರಿಯೋ ಅಂತ ಹತ್ತುತ್ತದೆ; ಲುವಾ ಭಾಷೆಯಲ್ಲಿದ್ದರೂ ತರ್ಕ ಅದೇ. ಎರಡು ಮೂರು ಆಟ ಮುಗಿದು ಕೋಡ್ ಗೋಜಲಾಗಲು ಶುರುವಾದಾಗ ರಾಬರ್ಟ್ ನಿಸ್ಟ್ರಮ್ ಅವರ ‘ಗೇಮ್ ಪ್ರೋಗ್ರಾಮಿಂಗ್ ಪ್ಯಾಟರ್ನ್ಸ್’ ಓದು, ಅದಕ್ಕೆ ಮೊದಲು ಓದಿದರೆ ರುಚಿಸುವುದಿಲ್ಲ. ಅದೂ ಅಂತರ್ಜಾಲದಲ್ಲಿ ಉಚಿತ. ಚಿತ್ರ ಬಿಡಿಸಲು ಬರುವುದಿಲ್ಲ ಅಂತ ಕೂರಬೇಡ, ಕೆನ್ನಿ ಅನ್ನುವ ಜಾಲತಾಣದ ಚಿತ್ರಗಳನ್ನು ಯಾರು ಬೇಕಾದರೂ ಬಳಸಬಹುದು. ಇವೆಲ್ಲ ಇಂಗ್ಲಿಷಿನಲ್ಲಿವೆ, ಕನ್ನಡ ಮಾಧ್ಯಮದವರಿಗೆ ಮೊದಲ ತಿಂಗಳು ಕಷ್ಟವೇ. ಆದರೆ ಬಳಸುವ ಪದಗಳು ಮತ್ತೆ ಮತ್ತೆ ಅವೇ. ವಿಡಿಯೋ ನೋಡಿದರೆ ನೋಡುತ್ತ ನಕಲು ಮಾಡಬೇಡ. ಮುಚ್ಚಿ, ನೆನಪಿನಿಂದ ಬರೆ, ಸಿಕ್ಕಿಹಾಕಿಕೊಂಡಾಗ ಮಾತ್ರ ತೆರೆ.

ಎಂಜಿನ್ ಬಗ್ಗೆ ನಾನು ಯಾಕೆ ಇಷ್ಟು ಉದಾಸೀನ ಅಂತ ಕೇಳಬಹುದು. 2023ರ ಸೆಪ್ಟೆಂಬರಿನಲ್ಲಿ ಯೂನಿಟಿ ಕಂಪನಿ, ಒಂದು ಮಿತಿ ದಾಟಿದ ಆಟಗಳಿಗೆ ಪ್ರತಿ ಇನ್‌ಸ್ಟಾಲಿಗೂ ಶುಲ್ಕ ಅಂದಿತು. ವರ್ಷಗಟ್ಟಲೆ ಅದನ್ನೇ ನೆಚ್ಚಿದವರು ದಿಕ್ಕೆಟ್ಟರು. ಗಲಾಟೆಯಾಗಿ ಮರುವರ್ಷ ರದ್ದಾಯಿತು, ಅಷ್ಟರಲ್ಲಿ ಹಲವರು ಬೇರೆ ಎಂಜಿನ್‌ಗೆ ಹೊರಟಿದ್ದರು. ಅರೇ, ಡೆಲ್ಟಾ, ವೆಕ್ಟರ್ ಗೊತ್ತಿದ್ದವರಿಗೆ ಹೊಸದಾಗಿ ಕಲಿಯಬೇಕಾಗಿ ಬಂದದ್ದು ಬಟನ್‌ಗಳ ಜಾಗ.

ಆಟ ಮುಗಿದ ಮೇಲೆ ಯಾರ ಕೈಗಾದರೂ ಕೊಟ್ಟು ಪಕ್ಕದಲ್ಲಿ ಬಾಯಿ ಮುಚ್ಚಿ ಕೂರು. ‘ಅಲ್ಲಿ ಒತ್ತಬೇಕು’ ಅಂತ ಹೇಳಬೇಕು ಅನ್ನಿಸಿದ ಜಾಗವನ್ನೆಲ್ಲ ಬರೆದುಕೊಂಡು ತಿದ್ದು. ಎರಡು ಆಟ ಹೀಗೆ ತಿದ್ದಿಯಾದರೆ ಗ್ಲೋಬಲ್ ಗೇಮ್ ಜಾಮ್‌ಗೆ ಸೇರಬಹುದು. ಅಪರಿಚಿತರ ಜೊತೆ ಕೂತು ವಾರಾಂತ್ಯದೊಳಗೆ ಒಂದು ಆಟ ಮಾಡುವ ಈ ಕೂಟ 2009ರಿಂದ ನಡೆಯುತ್ತಿದೆ. ಬರುವುದು ಜನವರಿಯ ಹೊತ್ತಿಗೆ. ನಿನಗೆ ಮಾರ್ಚಿನಲ್ಲಿ ಪಿಯುಸಿ ಪರೀಕ್ಷೆ ಇದೆ. ಈ ಸಲ ಬೇಡ, ಮುಂದಿನ ವರ್ಷ ಹೋಗು.